ಬ್ರೇಕ್ ಪೆಡಲ್ ಮೆತ್ತಗಾಗಿದೆಯೇ, ಕೆಳಗಿಳಿಯುತ್ತಿದೆಯೇ? ಸ್ಪ್ಯಾನರ್ ಹಿಡಿಯುವ ಮೊದಲು ಕಾಲನ್ನು ಕೇಳಿ

ರೈಲ್ವೆ ಗೇಟ್ ಹಾಕಿತ್ತು. ಎದುರಿಗೆ ಭತ್ತದ ಮೂಟೆ ತುಂಬಿದ ಲಾರಿ, ಹಿಂದೆ ನನ್ನ ಹಳೆಯ ಸಣ್ಣ ಕಾರು. ಇಂಜಿನ್ ಓಡುತ್ತಿತ್ತು, ಕಾಲು ಬ್ರೇಕ್ ಮೇಲಿತ್ತು. ನಾನು ಹೆಚ್ಚು ಒತ್ತಲಿಲ್ಲ, ಕಡಿಮೆಯೂ ಮಾಡಲಿಲ್ಲ. ಆದರೂ ಪೆಡಲ್ ಕೆಸರಲ್ಲಿ ಇಟ್ಟ ಕಾಲಿನ ಹಾಗೆ ನಿಧಾನಕ್ಕೆ ಒಳಗೆ ಹೋಗುತ್ತಿತ್ತು. ಬಿಟ್ಟು ಮತ್ತೆ ಒತ್ತಿದೆ: ಮೇಲೆ ಬಂತು, ಗಟ್ಟಿಯಾಗಿಯೂ ಇತ್ತು. ಹತ್ತು ಸೆಕೆಂಡು ಆಗುವಷ್ಟರಲ್ಲಿ ಮತ್ತೆ ಇಳಿಯಿತು. ಹ್ಯಾಂಡ್ ಬ್ರೇಕ್ ಎಳೆದು ಕೂತೆ.

ಮೊದಲ ಗ್ಯಾರೇಜಿನಲ್ಲಿ, "ಏರ್ ಸೇರ್ಕೊಂಡಿದೆ ಸಾರ್, ಬ್ಲೀಡ್ ಮಾಡಿದ್ರೆ ಸರಿಹೋಗುತ್ತೆ" ಎಂದರು. ಬ್ಲೀಡ್ ಎಂದರೆ ಪೈಪಿನೊಳಗಿನ ಗಾಳಿ ಹೊರತೆಗೆಯುವುದು; ಮಾಡಿದರು. ಮರುದಿನ ಮೊದಲಿಗಿಂತ ಬೇಗ ಇಳಿಯತೊಡಗಿತು. ಎರಡನೆಯವರು ಮುಂದಿನ ಪ್ಯಾಡ್ ಹೊಸದು ಹಾಕಿದರು. ಪ್ಯಾಡ್ ಚೆನ್ನಾಗಿತ್ತು, ಕಾಯಿಲೆ ಹಾಗೇ ಇತ್ತು. ಮೂರನೆಯ ಕಡೆ ಇದ್ದ ವಯಸ್ಸಾದ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಬಾಗಿಲು ತೆಗೆದು ಕೂತು, ಎರಡು ನಿಮಿಷ ಕಾಲಲ್ಲೇ ಏನೇನೋ ಮಾಡಿ, "ಮಾಸ್ಟರ್ ಸಿಲಿಂಡರ್ ಒಳಗೇ ಬಿಡ್ತಿದೆ. ಹೊರಗೆಲ್ಲೂ ಸೋರಿಲ್ಲ ತಾನೆ?" ಎಂದು ಕೇಳಿದರು. ಸೋರಿರಲಿಲ್ಲ. (ಪೆಡಲ್ ತುಳಿದಾಗ ಬ್ರೇಕ್ ದ್ರವವನ್ನು ಒತ್ತಿ ಚಕ್ರಗಳಿಗೆ ಕಳಿಸುವ ಭಾಗವೇ ಮಾಸ್ಟರ್ ಸಿಲಿಂಡರ್.) ಒಂದೇ ದೋಷಕ್ಕೆ ಮೂರು ಬಿಲ್ಲು ಕಟ್ಟಿದ ಮೇಲೆ ನನಗೆ ತಿಳಿದದ್ದು ಇಷ್ಟು: "ಬ್ರೇಕ್ ಹೋಗಿದೆ" ಎಂಬುದು ದೂರು ಮಾತ್ರ. ಪೆಡಲ್ ಹೇಗೆ ಹೋಗುತ್ತಿದೆ ಎಂಬುದರಲ್ಲಿ ಅರ್ಧ ಉತ್ತರ ಇರುತ್ತದೆ. ಆ ಎರಡು ನಿಮಿಷದಲ್ಲಿ ಅವರು ಮಾಡಿದ್ದನ್ನು, ಆಮೇಲೆ ನಾನೇ ಜಾಕ್ ಹಾಕಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆಡಲ್ ನೆಲ ಮುಟ್ಟುತ್ತಿದ್ದರೆ, ಒಮ್ಮೆ ಮುಟ್ಟಿ ಮತ್ತೆ ಸರಿಹೋಗಿದ್ದರೂ ಸರಿ, ಆ ಗಾಡಿಯನ್ನು ಗ್ಯಾರೇಜಿನವರೆಗೆ "ನಿಧಾನಕ್ಕೆ" ಓಡಿಸಿಕೊಂಡು ಹೋಗುವುದೂ ಬೇಡ. ಮೆಕ್ಯಾನಿಕ್ಕನ್ನೇ ಕರೆಸಿ, ಇಲ್ಲವೇ ಎತ್ತಿಸಿಕೊಂಡು ಹೋಗಿ.

ಹೋಯ್ತು ಅಂದರೆ ಹೇಗೆ ಹೋಯ್ತು?

ಪೆಡಲ್ ಕೆಡುವ ಬಗೆಗಳು ಹಲವು, ಮತ್ತು ಅವನ್ನು ಒಂದರೊಳಗೊಂದು ಕಲಸಿಕೊಳ್ಳುವುದರಿಂದಲೇ ಹಣ ಹೋಗುವುದು.

ಒಂದು, ಮೆತ್ತಗಿನ ಪೆಡಲ್. ಒತ್ತಿದಷ್ಟೂ ತಗ್ಗುತ್ತದೆ, ಇಲ್ಲಿಗೆ ಮುಗಿಯಿತು ಎಂಬ ಗಟ್ಟಿ ಜಾಗ ಸಿಗುವುದಿಲ್ಲ, ಗಾಳಿ ಕಡಿಮೆ ಇರುವ ಫುಟ್‌ಬಾಲ್ ತುಳಿದ ಹಾಗಿರುತ್ತದೆ. ಇದು ಪೈಪಿನೊಳಗೆ ಗಾಳಿಯೋ ಆವಿಯೋ ಇರುವ ಲಕ್ಷಣ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗಾಳಿಯನ್ನು ಆಗುತ್ತದೆ. ನೀವು ಹಾಕಿದ ಬಲ ಚಕ್ರಕ್ಕೆ ಹೋಗುವ ಬದಲು ಗುಳ್ಳೆ ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ.

ಎರಡು, ಆಳದ ಪೆಡಲ್. ಅರ್ಧ ದಾರಿ ಏನೂ ಇಲ್ಲ, ಆಮೇಲೆ ಸರಿಯಾಗಿ ಗಟ್ಟಿ. ಇದರಲ್ಲಿ ಗಾಳಿಯ ಪಾತ್ರ ಕಡಿಮೆ. ಎಲ್ಲೋ ಚಕ್ರದ ಡಿಸ್ಕನ್ನು ಹಿಡಿಯುವ ಪ್ಯಾಡ್, ಅಥವಾ ಡ್ರಮ್ಮಿನ ಒಳಗೋಡೆಯನ್ನು ಒತ್ತುವ ಶೂ, ಅದರಿಂದ ಬಹಳ ದೂರ ನಿಂತಿದೆ, ಆ ದೂರ ತುಂಬಿಸಲು ಪೆಡಲ್ ಅಷ್ಟು ಓಡಬೇಕಾಗಿದೆ.

ಮೂರು, ಇಳಿಯುವ ಪೆಡಲ್. ಒತ್ತಿದಾಗ ಚೆನ್ನಾಗಿಯೇ ನಿಲ್ಲುತ್ತದೆ, ಹಿಡಿದುಕೊಂಡರೆ ಜಾರುತ್ತದೆ. ದ್ರವ ಎಲ್ಲಿಗೋ ಹೋಗುತ್ತಿದೆ ಎಂದರ್ಥ: ಹೊರಗೆ, ಇಲ್ಲವೇ ಒಳಗೊಳಗೇ. ನನ್ನದು ಇದು.

ಇನ್ನೊಂದಿದೆ, ಒಮ್ಮೆಗೇ ದೊಪ್ಪನೆ ಹೋಗಿ ಕೊನೆಯಲ್ಲಿ ಸ್ವಲ್ಪ ಹಿಡಿಯುವುದು. ಇದು ಎರಡು ಲೈನಿನಲ್ಲಿ ಒಂದು ಹರಿದ ಲಕ್ಷಣ. ಈಗಿನ ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ ಒಂದರ ಹಿಂದೆ ಒಂದು ಎರಡು ಪಿಸ್ಟನ್ ಇರುತ್ತವೆ, ಒಂದೊಂದಕ್ಕೆ ಒಂದೊಂದು ಲೈನು. ಮುಂದಿನ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಲೈನುಗಳು ಅಡ್ಡಡ್ಡ: ಮುಂದಿನ ಎಡ ಮತ್ತು ಹಿಂದಿನ ಬಲ ಒಂದು, ಉಳಿದೆರಡು ಇನ್ನೊಂದು. ಒಂದು ಹರಿದರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕ. ಪೆಡಲ್ ಆಳಕ್ಕೆ ಹೋಗಿ ಹಿಡಿದು, ಗಾಡಿ ಒಂದು ಕಡೆ ಎಳೆದರೆ ಈ ಕಡೆ ಯೋಚಿಸಿ.

ಕೂತಲ್ಲೇ ಮಾಡುವ ಪರೀಕ್ಷೆ

ಗಾಡಿ ಸಮತಟ್ಟು ನೆಲದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ಪಂಪ್ ಹೊಡೆಯಿರಿ. ಕಾಲಿನ ಬಲ ಹೆಚ್ಚಿಸುವ ಬೂಸ್ಟರಿನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಹದವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಗಡಿಯಾರ ನೋಡಿಯೇ ಹಿಡಿಯಿರಿ. ಅಂದಾಜಿನ ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೇ ಮುಗಿದಿರುತ್ತದೆ. ಕಾಲು ಅದೇ ಜಾಗದಲ್ಲಿ ನಿಂತರೆ ಒಳ್ಳೆಯದು.

ಆಮೇಲೆ ಇದನ್ನೇ ಹಗುರವಾಗಿ ಮಾಡಿ, ಹೆಬ್ಬೆರಳ ಭಾರವಷ್ಟೇ ಹಾಕಿ. ಬಹಳ ಜನ ಬಿಡುವ ಹೆಜ್ಜೆ ಇದೇ. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ಪಿಗೆ (ಬಟ್ಟಲಿನಂಥ ಸೀಲ್) ತುಟಿಯಂಥ ಅಂಚಿದೆ. ಒತ್ತಡ ಜೋರಾದಷ್ಟೂ ಆ ಅಂಚು ಗೋಡೆಗೆ ಬಿಗಿಯಾಗಿ ಅಂಟುತ್ತದೆ. ಸವೆದ ಕಪ್ಪು ಜೋರು ಒತ್ತಡದಲ್ಲಿ ಹಿಡಿದು, ಹಗುರ ಒತ್ತಡದಲ್ಲಿ ಬಿಟ್ಟುಕೊಡುವುದು ಇದೇ ಕಾರಣಕ್ಕೆ. ಗ್ಯಾರೇಜಿನಲ್ಲಿ ಗಟ್ಟಿಯಾಗಿ ತುಳಿದು "ಚೆನ್ನಾಗಿದೆಯಲ್ಲ ಸಾರ್" ಎನ್ನುವುದು, ಸಿಗ್ನಲ್ಲಿನಲ್ಲಿ ಮತ್ತೆ ಪೆಡಲ್ ಜಾರುವುದು, ಈ ಎರಡೂ ಒಟ್ಟಿಗೆ ನಿಜವಾಗಿರಬಹುದು.

ಈಗ ಕಾಲು ಒತ್ತಿಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗಿ ನಿಲ್ಲಬೇಕು. ಇದು ದೋಷವಲ್ಲ, ಬೂಸ್ಟರ್ ಕೆಲಸಕ್ಕೆ ಬಂತು ಎಂಬ ಗುರುತು. ಇದನ್ನೇ "ಪೆಡಲ್ ಇಳಿಯುತ್ತಿದೆ" ಎಂದುಕೊಂಡು ಮಾಸ್ಟರ್ ಸಿಲಿಂಡರ್ ಬದಲಿಸಿಕೊಂಡವರಿದ್ದಾರೆ. ಒಮ್ಮೆ ಇಳಿದು ನಿಂತರೆ ಸರಿ. ಇಳಿಯುತ್ತಲೇ ಇದ್ದರೆ ದೋಷ. ಸಂಶಯವಿದ್ದರೆ ಅದೇ ಮಾದರಿಯ ಇನ್ನೊಂದು ಕಾರಿನ ಪೆಡಲ್ ಒತ್ತಿ ನೋಡಿ. ಇಂಜಿನ್ ಓಡುವಾಗ ಬಲವಾಗಿ ತುಳಿದರೆ ಎಷ್ಟೋ ಒಳ್ಳೆಯ ಕಾರುಗಳಲ್ಲೂ ಸ್ವಲ್ಪ ಒಳಗೆ ಹೋಗುವುದುಂಟು. ನೆರೆಮನೆಯ ಕಾರಿನಲ್ಲಿ ಎರಡು ನಿಮಿಷ ಕೂರುವುದಕ್ಕೆ ಕಾಸು ಬೇಕಾಗಿಲ್ಲ.

ಪಂಪ್ ಹೊಡೆದಾಗ ಏನಾಗುತ್ತದೆ ಎಂಬುದನ್ನೂ ಗಮನಿಸಿ. ಎರಡು ಮೂರು ಪಂಪಿಗೆ ಪೆಡಲ್ ಮೇಲೆ ಬಂದು ಗಟ್ಟಿಯಾದರೆ ಶೂ ಅಥವಾ ಪ್ಯಾಡಿನ ಅಂತರ ಹೆಚ್ಚಿದೆ. ಮೇಲೆ ಬಂದರೂ ಮೆತ್ತಗೇ ಇದ್ದರೆ ಗಾಳಿ. ಎಷ್ಟು ಹೊಡೆದರೂ ಮೇಲೆ ಬಾರದೇ ಹೋದರೆ ಒಂದೋ ಆಯಿಲ್ ಖಾಲಿಯಾಗಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒತ್ತಡವನ್ನೇ ಹುಟ್ಟಿಸುತ್ತಿಲ್ಲ.

ಇನ್ನೊಂದು ಉಪಾಯ, ಹಿಂದೆ ಡ್ರಮ್ ಇರುವ ಕಾರುಗಳಿಗೆ. ಮೊದಲು ಹ್ಯಾಂಡ್ ಬ್ರೇಕ್ ಬಿಟ್ಟು ಪೆಡಲ್ ಎಷ್ಟು ಆಳಕ್ಕೆ ಹೋಗುತ್ತದೆ ನೋಡಿಕೊಳ್ಳಿ. ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು ಮತ್ತೆ ಒತ್ತಿ. ಈ ಸಲ ಪೆಡಲ್ ಎದ್ದು ಕಾಣುವಷ್ಟು ಮೇಲೇ ನಿಂತರೆ ಕಳ್ಳ ಹಿಂದಿನ ಡ್ರಮ್ಮಿನಲ್ಲಿದ್ದಾನೆ. ಹ್ಯಾಂಡ್ ಬ್ರೇಕ್ ಕೇಬಲ್ ಆ ಶೂಗಳನ್ನೇ ಹರಡಿ ಅಂತರ ಮುಚ್ಚಿಬಿಟ್ಟಿರುತ್ತದೆ.

ಆ ಅಂತರ ಇಷ್ಟೊಂದು ಏಕೆ ಕಾಡುತ್ತದೆ ಎಂದು ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಹಿಂದಿನ ಡ್ರಮ್ಮಿನಲ್ಲಿ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಒಳವ್ಯಾಸ 19 ಮಿಲಿಮೀಟರ್ ಎಂದುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 284 ಚದರ ಮಿಲಿಮೀಟರ್. ಅದರ ಎರಡೂ ಪಿಸ್ಟನ್ ಒಂದೊಂದು ಮಿಲಿಮೀಟರ್ ಹೆಚ್ಚು ಓಡಬೇಕಾದರೆ ಒಂದು ಚಕ್ರಕ್ಕೆ 568 ಘನ ಮಿಲಿಮೀಟರ್ ದ್ರವ ಹೆಚ್ಚು ಬೇಕು. ಮಾಸ್ಟರ್ ಸಿಲಿಂಡರಿನ ವ್ಯಾಸ 20.6 ಮಿಲಿಮೀಟರ್ ಇದ್ದರೆ ಅಲ್ಲಿ 1.7 ಮಿಲಿಮೀಟರ್ ಓಟ. ಅಡ್ಡ ಲೈನಿನ ಕಾರಿನಲ್ಲಿ ಎರಡು ಲೈನಿನ ಓಟವೂ ಕೂಡುತ್ತದೆ, 3.4 ಆಯಿತು. ಪೆಡಲಿನ ಸನ್ನೆ (ಲಿವರ್) ನಾಲ್ಕು ಪಟ್ಟು ಎಂದರೆ ಕಾಲಿನ ಕೆಳಗೆ 13 ಮಿಲಿಮೀಟರಿಗೂ ಹೆಚ್ಚು! ಹಿಂದೆ ಒಂದು ಮಿಲಿಮೀಟರ್ ಸಡಿಲವಾದರೆ ಮುಂದೆ ಒಂದೂಕಾಲು ಸೆಂಟಿಮೀಟರ್ ಮೀರಿ ಕಾಲು ಒಳಗೆ. ಇದಕ್ಕೆ ಎಷ್ಟು ಸಲ ಏರ್ ತೆಗೆಸಿದರೂ ಉಪಯೋಗವಿಲ್ಲ. ಡ್ರಮ್ ಬಿಚ್ಚಿ, ಅಂಟಿಕೊಂಡ ಸೆಲ್ಫ್ ಅಡ್ಜಸ್ಟರನ್ನು (ಶೂ ಅಂತರವನ್ನು ತಾನಾಗಿ ಸರಿಮಾಡುವ ಭಾಗ) ಸ್ವಚ್ಛ ಮಾಡಿ ಸರಿಹೊಂದಿಸಬೇಕು. ಒಳಗಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮುಂದಿನ ಡಿಸ್ಕಿನಲ್ಲೂ ಇಂಥದ್ದೇ ಒಂದು ಉಂಟು. ಚಕ್ರದ ಬೇರಿಂಗ್ ಸಡಿಲವಾಗಿದ್ದರೆ, ಇಲ್ಲವೇ ಡಿಸ್ಕ್ ಸೊಟ್ಟಗಿದ್ದರೆ, ಓಡುವಾಗ ಡಿಸ್ಕ್ ಅಲುಗಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ತಿರುವು ಮುಗಿಸಿದ ಮೇಲಿನ ಮೊದಲ ಬ್ರೇಕ್ ಆಳಕ್ಕೆ ಹೋಗಿ, ಎರಡನೆಯದು ಸರಿಯಿದ್ದರೆ ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿ.

ಡಬ್ಬಿ ಏನು ಹೇಳುತ್ತದೆ

ಈಗ ಬಾನೆಟ್ ಎತ್ತಿ. ಮಾಸ್ಟರ್ ಸಿಲಿಂಡರಿನ ಮೇಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಗೆರೆಗಳಿವೆ. ಮಟ್ಟ ಅವುಗಳ ನಡುವೆ ಇರಬೇಕು. ಕಡಿಮೆಯಿದ್ದರೆ ಕಾರಣ ಎರಡರಲ್ಲೊಂದು: ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದು ಆ ಜಾಗವನ್ನು ದ್ರವ ತುಂಬಿದೆ, ಇಲ್ಲವೇ ಸೋರಿಕೆ. ಹಾಗಾಗಿ ನೋಡಿದ ಕೂಡಲೇ ತುಂಬಿಸಿಬಿಡಬೇಡಿ. ಟೇಪ್ ಅಂಟಿಸಿ ಗುರುತು ಹಾಕಿ. ತಿಂಗಳುಗಟ್ಟಲೆ ಕೂದಲೆಳೆಯಷ್ಟು ಇಳಿದರೆ ಸವೆತ. ದಿನದಲ್ಲಿ ಇಳಿದರೆ ಸೋರಿಕೆ. ಹಲವು ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ಒಂದು ಪೈಪ್ ಹೋಗುತ್ತದೆ, ಅದರ ಬಾಯಿ ಡಬ್ಬಿಯ ಸ್ವಲ್ಪ ಮೇಲ್ಭಾಗದಲ್ಲಿರುತ್ತದೆ. ಮಟ್ಟ ಅಲ್ಲಿಯವರೆಗೆ ಬಂದು ನಿಂತುಬಿಟ್ಟರೆ ಬ್ರೇಕನ್ನು ಬಿಟ್ಟು ಕ್ಲಚ್ ಕಡೆ ನೋಡಿ.

ಬಣ್ಣವೂ ಮಾತಾಡುತ್ತದೆ. ಹೊಸದು ತಿಳಿ ಜೇನಿನ ಹಾಗಿರುತ್ತದೆ. ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದು ಬದಲಿಸುವ ಕಾಲ ದಾಟಿದೆ.

ನಾವೆಲ್ಲ ಅದನ್ನು ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ. ಈ ಹೆಸರಿನಿಂದಲೇ ಅನಾಹುತ ಆಗುವುದು. ಕಡಿಮೆಯಾಗಿದೆಯೆಂದು ಇಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಸುರಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರ್ ಉಬ್ಬಿ, ಮೊದಲಿನ ಜಾಗದಲ್ಲಿ ಕೂರದಿದ್ದರೆ ಅದೇ ಆಗಿದೆ ಎಂದು ತಿಳಿಯಿರಿ. ಆಮೇಲೆ ಬರೀ ದ್ರವ ಬದಲಿಸಿದರೆ ಸಾಲದು, ರಬ್ಬರ್ ಇರುವ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ.

ಸೋರುವ ಜಾಗಗಳು

ಪೆಡಲ್ ಇಳಿಯುತ್ತದೆ, ಮಟ್ಟವೂ ಇಳಿಯುತ್ತದೆ ಎಂದರೆ ಹುಡುಕುವ ಕೆಲಸ ಸುಲಭ. ರಾತ್ರಿ ನಾಲ್ಕು ಚಕ್ರದ ಒಳಬದಿಯ ನೆಲಕ್ಕೂ ಇಂಜಿನ್ ಕೆಳಗೂ ಹಳೆಯ ರಟ್ಟು ಹಾಸಿ. ಬೆಳಿಗ್ಗೆ ಯಾವ ರಟ್ಟು ಒದ್ದೆಯೋ ಅಲ್ಲಿಂದ ಶುರು.

ನನ್ನ ಅನುಭವದಲ್ಲಿ ಹೆಚ್ಚು ಸೋರುವುದು ಹಿಂದಿನ ವೀಲ್ ಸಿಲಿಂಡರ್. ಟಯರಿನ ಒಳಗೋಡೆಯಲ್ಲಿ, ಡ್ರಮ್ಮಿನ ಹಿಂಬದಿಯ ತಗಡಿನ ಕೆಳ ಅಂಚಿನಲ್ಲಿ ಜಿಡ್ಡು ಧೂಳು ಅಂಟಿದ ಗೆರೆ ಕಾಣುತ್ತದೆ. ಡ್ರಮ್ ಬಿಚ್ಚಿ ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೋಪಿಯನ್ನು ಸ್ವಲ್ಪ ಮಡಚಿ ನೋಡಿ. ಒಳಗೆ ತುಸು ತೇವ ಇದ್ದರೆ ಇರಲಿ, ದ್ರವ ಹರಿದು ಬಂದರೆ ಸಿಲಿಂಡರ್ ಹೋಗಿದೆ. ಶೂ ಮೇಲೆ ದ್ರವ ಬಿದ್ದಿದ್ದರೆ ಶೂವನ್ನೂ ಬದಲಿಸಿ, ಎರಡು ಬದಿಯೂ. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಚಾಳಿ ನಮ್ಮಲ್ಲಿದೆ; ಲೈನಿಂಗ್ ಒಳಕ್ಕೆ ಕುಡಿದದ್ದು ಬಿಸಿಯಾದಾಗ ಮತ್ತೆ ಹೊರಬರುತ್ತದೆ.

ಕಬ್ಬಿಣದ ಪೈಪುಗಳು ಕರಾವಳಿಯ ಗಾಡಿಗಳಲ್ಲಿ ಬೇಗ ತುಕ್ಕು ಹಿಡಿಯುತ್ತವೆ. ಮಂಗಳೂರು, ಕಾರವಾರದ ಕಡೆ ಓಡಿದ ಹಳೆಯ ಗಾಡಿ ಕೊಂಡವರು ಹಿಂದಿನ ಆಕ್ಸಲಿನ ಬಳಿ ಪೈಪನ್ನು ಹಿಡಿದಿರುವ ಕ್ಲಿಪ್ಪುಗಳ ಕೆಳಗೆ ನೋಡಬೇಕು. ಮಣ್ಣು ಉಪ್ಪು ನೀರು ನಿಲ್ಲುವುದು ಅಲ್ಲೇ. ರಬ್ಬರ್ ಹೋಸುಗಳನ್ನು ಬಗ್ಗಿಸಿ ಬಿರುಕು ನೋಡಿ; ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಹೋಸ್ ಹಿಡಿದರೆ ಉಬ್ಬುವುದು ಕೈಗೇ ತಿಳಿಯುತ್ತದೆ. ಉಬ್ಬುವ ಹೋಸ್ ಸೋರದಿದ್ದರೂ ಪೆಡಲನ್ನು ಮೆತ್ತಗೆ ಮಾಡುತ್ತದೆ.

ಕಣ್ಣಿಗೆ ಬೀಳದ ಸೋರಿಕೆ ಒಂದಿದೆ. ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲ್ ಹೋದರೆ ದ್ರವ ಹೊರಗೆ ಬೀಳದೆ ಬೂಸ್ಟರಿನ ಹೊಟ್ಟೆಗೆ ಸೇರುತ್ತದೆ. ನೆಲ ಒಣ, ಚಕ್ರ ಒಣ, ಡಬ್ಬಿ ಮಾತ್ರ ಖಾಲಿಯಾಗುತ್ತಿರುತ್ತದೆ. ಮಾಸ್ಟರ್ ಸಿಲಿಂಡರಿನ ಎರಡು ನಟ್ಟು ಸಡಿಲಿಸಿ ಸ್ವಲ್ಪ ಮುಂದಕ್ಕೆ ಎಳೆದರೆ ಹಿಂಬದಿ ಒದ್ದೆಯಾಗಿರುವುದು, ಬೂಸ್ಟರಿನ ಮುಖದ ಬಣ್ಣ ಸುಲಿದಿರುವುದು ಕಾಣುತ್ತದೆ. ಈ ದ್ರವ ಪೇಂಟನ್ನು ತಿನ್ನುತ್ತದೆ, ಆದ್ದರಿಂದಲೇ ಆ ಸುಲಿದ ಗುರುತು. ನೀವು ಕೆಲಸ ಮಾಡುವಾಗಲೂ ಬಾನೆಟ್ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿದು ತೊಳೆಯಿರಿ.

ಎಲ್ಲೂ ಸೋರಿಲ್ಲ, ಆದರೂ ಇಳಿಯುತ್ತಿದೆ

ಹಾಗಾದರೆ ಒಳಗೊಳಗೇ ಹೋಗುತ್ತಿದೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದು, ಮುಂದಿನ ಒತ್ತಡದ ಕೋಣೆಯಿಂದ ದ್ರವ ಹಿಂದಕ್ಕೆ ನುಸುಳಿ ಡಬ್ಬಿಗೇ ವಾಪಸಾಗುತ್ತದೆ. ಅದಕ್ಕೇ ಮಟ್ಟ ಬದಲಾಗುವುದಿಲ್ಲ. ಎರಡು ಪಿಸ್ಟನ್ನಿನಲ್ಲಿ ಒಂದರದ್ದು ಮಾತ್ರ ಹೋಗಿದ್ದರೆ ಪೆಡಲ್ ಅರ್ಧದವರೆಗೆ ಇಳಿದು ಅಲ್ಲಿ ನಿಲ್ಲುವುದೂ ಉಂಟು. ಮೊದಲಿನ ಪಿಸ್ಟನ್ ಎರಡನೆಯದಕ್ಕೆ ತಾಗಿ, ಅಲ್ಲಿಂದ ಅದನ್ನು ನೇರವಾಗಿ ತಳ್ಳತೊಡಗುತ್ತದೆ.

ಆದರೆ ಬೆರಳು ತೋರಿಸುವ ಮೊದಲು ಖಚಿತ ಮಾಡಿಕೊಳ್ಳಬೇಕು. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ, ಅದೇ ಅಳತೆಯ ಥ್ರೆಡ್ ಇರುವ ಪ್ಲಗ್ ಬಿಗಿದು, ಅಲ್ಲಿಯ ಗಾಳಿ ತೆಗೆದು ಪೆಡಲ್ ಒತ್ತಿ. ಕಲ್ಲಿನಂತೆ ನಿಂತರೆ ಸಿಲಿಂಡರ್ ಚೆನ್ನಾಗಿದೆ, ದೋಷ ಮುಂದಿದೆ. ಇಳಿದರೆ ಅದರದೇ ತಪ್ಪು. ಪೈಪಿನ ನಟ್ಟುಗಳು ಮೆದು, ಅಂಚು ಬೇಗ ಸವೆಯುತ್ತದೆ. ತೆರೆದ ಬಾಯಿಯ ಸಾಮಾನ್ಯ ಸ್ಪ್ಯಾನರ್ ಬೇಡ, ನಟ್ಟನ್ನು ಸುತ್ತ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ತನ್ನಿ.

ಪ್ಲಗ್ ಸಿಗದಿದ್ದರೆ ಹೋಸ್ ಕ್ಲಾಂಪಿನ ದಾರಿ ಇದೆ. ರಬ್ಬರ್ ಹೋಸನ್ನು ಗಾಯ ಮಾಡದೆ ಒತ್ತುವ, ಉರುಟು ಬಾಯಿಯ ಕ್ಲಾಂಪ್ ಹಾಕಿ ಎಲ್ಲ ಹೋಸುಗಳನ್ನೂ ಮುಚ್ಚಿ. ಪೆಡಲ್ ಈಗ ಮೇಲೆ ನಿಂತು ಗಟ್ಟಿಯಾದರೆ ಒಂದೊಂದೇ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಪೆಡಲ್ ಮತ್ತೆ ಕೆಟ್ಟಿತೋ ಆ ಚಕ್ರದಲ್ಲಿದೆ ಕಾಯಿಲೆ. ಹಲ್ಲಿನ ಇಕ್ಕಳದಲ್ಲಿ ಹೋಸ್ ಹಿಡಿಯಬೇಡಿ. ಒಳಪದರ ಹರಿದರೆ ಹೊರಗೆ ಕಾಣುವುದೂ ಇಲ್ಲ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಇನ್ನೊಬ್ಬ ಆರೋಪಿ ಇದ್ದಾನೆ. ಅದರ ಪೆಟ್ಟಿಗೆಯೊಳಗಿನ ವಾಲ್ವಿಗೆ ಕಸ ಸಿಕ್ಕಿ ಪೂರ್ತಿ ಮುಚ್ಚದಿದ್ದರೆ ಒತ್ತಡ ಅಲ್ಲೇ ಬಿಟ್ಟುಹೋಗಿ ಮಾಸ್ಟರ್ ಸಿಲಿಂಡರ್ ಹೋದ ಹಾಗೆಯೇ ಪೆಡಲ್ ಇಳಿಯುತ್ತದೆ. ಪ್ಲಗ್ ಪರೀಕ್ಷೆಯಲ್ಲಿ ಪೆಡಲ್ ನಿಂತು, ಹೋಸುಗಳನ್ನೆಲ್ಲ ಕ್ಲಾಂಪ್ ಮಾಡಿದಾಗಲೂ ಇಳಿದರೆ ಮಧ್ಯೆ ಉಳಿಯುವುದು ಪೈಪುಗಳು ಮತ್ತು ಎಬಿಎಸ್ ಪೆಟ್ಟಿಗೆ ಮಾತ್ರ. ಅದು ದುಬಾರಿ ಭಾಗ. ಅದಕ್ಕೇ ಈ ಎರಡು ಪರೀಕ್ಷೆ ಮಾಡದೆ ಯಾರ ಮಾತಿನ ಮೇಲೂ ಅದನ್ನು ಬದಲಿಸಬೇಡಿ.

ನನ್ನ ಕಾರು ಮೊದಲ ಬ್ಲೀಡಿಂಗ್ ಆದ ಮೇಲೆ ಇನ್ನಷ್ಟು ಕೆಟ್ಟಿತಲ್ಲ, ಅದೇಕೆ? ದಿನನಿತ್ಯ ಓಡಿಸುವಾಗ ಪಿಸ್ಟನ್ ಸಿಲಿಂಡರಿನ ಮೊದಲ ಭಾಗದಲ್ಲಷ್ಟೇ ಓಡಾಡುತ್ತದೆ. ಆ ಭಾಗ ನುಣುಪಾಗಿರುತ್ತದೆ. ಅದರಾಚೆ ವರ್ಷಗಳಿಂದ ರಬ್ಬರ್ ತಾಗದ ಜಾಗದಲ್ಲಿ ತುಕ್ಕು, ಕಸ ಕೂತಿರುತ್ತದೆ. ಬ್ಲೀಡ್ ಮಾಡಲು ಪೆಡಲನ್ನು ನೆಲದವರೆಗೆ ತುಳಿದರೆ ಕಪ್ಪು ಆ ಒರಟು ಜಾಗಕ್ಕೆ ಹೋಗಿ ಗೀಚಿಕೊಂಡು ಬರುತ್ತದೆ. ಸ್ವಲ್ಪ ಬಿಡುತ್ತಿದ್ದ ಕಪ್ಪು ಅಂದಿನಿಂದ ಪೂರ್ತಿ ಬಿಡುತ್ತದೆ. ಹಳೆಯ ಗಾಡಿಯ ಏರ್ ತೆಗೆಯುವಾಗ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ, ನೆಲದವರೆಗೆ ಹೋಗದಂತೆ.

ಘಾಟಿ ಇಳಿದ ಮೇಲೆ ಮಾತ್ರ ಹೋಗುವ ಪೆಡಲ್

ಬೆಳಿಗ್ಗೆ ಚೆನ್ನಾಗಿರುತ್ತದೆ, ಊರೊಳಗೆ ಚೆನ್ನಾಗಿರುತ್ತದೆ, ಗ್ಯಾರೇಜಿನಲ್ಲಂತೂ ಬಂಗಾರ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದಾಗ ಮಾತ್ರ ಪೆಡಲ್ ಹತ್ತಿಯಾಗುತ್ತದೆ. ಇದಕ್ಕೆ ಕಾರಣ ನೀರು.

ಸಾಮಾನ್ಯ ಬ್ರೇಕ್ ದ್ರವ ಗ್ಲೈಕಾಲ್ ಜಾತಿಯದು, ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್ 3 ದರ್ಜೆಯ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಸುಮಾರು 3.7 ಶೇಕಡಾ ನೀರು ಸೇರಿದ ಮೇಲಿನ ಕನಿಷ್ಠ ಮಟ್ಟ 140. ಡಾಟ್ 4ಕ್ಕೆ ಅದು 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಮಲೆನಾಡಿನ ಮಳೆಗಾಲಗಳನ್ನು ಹಲವು ಸಲ ಕಂಡ ದ್ರವದೊಡನೆ ಎರಡನೇ ಗೇರಿಗೆ ಬಾರದೆ ಬರೀ ಬ್ರೇಕಿನ ಮೇಲೆ ಇಳಿದರೆ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರಿನೊಳಗೆ ಅದು ಕುದಿದು ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಎಂದರೆ ಮೆತ್ತಗಿನ ಪೆಡಲ್. ತಣ್ಣಗಾದರೆ ಆವಿ ಮತ್ತೆ ದ್ರವ, ಯಾರಿಗೂ ದೋಷ ಕಾಣುವುದಿಲ್ಲ.

ಇನ್ನೊಂದು ಮೋಸವಿದೆ. ಇಳಿಯುವಾಗ ಗಾಳಿ ಬಡಿದು ಡಿಸ್ಕ್ ತಣ್ಣಗಾಗುತ್ತಿರುತ್ತದೆ. ಕೆಳಗೆ ಬಂದು ಕಾಫಿಗೆಂದು ನಿಲ್ಲಿಸಿದಾಗ ಗಾಳಿ ನಿಂತು, ಡಿಸ್ಕಿನ ಬಿಸಿ ಪ್ಯಾಡ್ ದಾಟಿ ದ್ರವಕ್ಕೆ ಇಳಿಯುತ್ತದೆ. ಹಾಗಾಗಿ ಘಾಟಿಯಲ್ಲಿ ಹಿಡಿದ ಬ್ರೇಕ್ ಕಾಫಿ ಕುಡಿದು ಹೊರಟಾಗ ಕೈಕೊಡಬಹುದು. ನಿಂತು ಹೊರಡುವಾಗಲೆಲ್ಲ ಗೇರ್ ಹಾಕುವ ಮೊದಲು ಒಮ್ಮೆ ಪೆಡಲ್ ಒತ್ತಿ ನೋಡುವುದು ನನಗೀಗ ಅಭ್ಯಾಸವಾಗಿದೆ.

ಪೆಡಲ್ ಚೆನ್ನಾಗಿ ಗಟ್ಟಿಯಿದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಅದು ಬೇರೆ. ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ, ದ್ರವದ ತಪ್ಪಲ್ಲ.

ಇಳಿಜಾರಿನಲ್ಲೇ ಪೆಡಲ್ ಹೋದರೆ: ಬೇಗಬೇಗ ಪಂಪ್ ಹೊಡೆಯಿರಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಒಮ್ಮೆಗೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಕೀ ತಿರುಗಿಸಿ ಇಂಜಿನ್ ಆಫ್ ಮಾಡಬೇಡಿ; ಇಂಜಿನ್ನಿನ ಹಿಡಿತವೂ ಬೇಕು, ಸ್ಟೀರಿಂಗೂ ಬೇಕು.

ಏರ್ ತೆಗೆಯುವುದು

ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಅರ್ಧ ಬಳಸಿ ಅಟ್ಟದ ಮೇಲಿಟ್ಟ ಬಾಟಲಿ ಬೇಡ, ಅದೂ ತೇವ ಕುಡಿದಿರುತ್ತದೆ. ಕಾರಿನ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ತನ್ನಿ. ಡಾಟ್ 5 ಎಂಬುದು ಸಿಲಿಕೋನ್ ಜಾತಿಯದು, 5.1ರ ಅಣ್ಣನೋ ತಮ್ಮನೋ ಅಲ್ಲ, ಉಳಿದವುಗಳೊಂದಿಗೆ ಬೆರೆಸಬಾರದು.

ಇಬ್ಬರು ಬೇಕು. ನಮ್ಮಲ್ಲಿ ಪೆಡಲಿಗೆ ಮಗ, ನಿಪ್ಪಲಿಗೆ (ಚಕ್ರದ ಬಳಿ ಗಾಳಿ ಬಿಡುವ ಸ್ಕ್ರೂ) ನಾನು. ಗಾಡಿ ಜಾಕಿನ ಮೇಲಷ್ಟೇ ನಿಂತಿರಬಾರದು, ಸ್ಟ್ಯಾಂಡ್ ಕೊಡಬೇಕು. ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ದ್ರವ ಇರುವ ಬಾಟಲಿಯಲ್ಲಿ ಮುಳುಗಿಸಿ.

"ಒತ್ತು."

"ಒತ್ತಿದೀನಿ ಅಪ್ಪಾ."

"ಹಿಡ್ಕೊ, ಬಿಡ್ಬೇಡ." ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತೇನೆ. ಗುಳ್ಳೆಗಳೊಂದಿಗೆ ದ್ರವ ಬರುತ್ತದೆ.

"ಅಪ್ಪಾ, ಹೋಯ್ತು, ಮರಕ್ಕೆ ತಾಗ್ತು."

ನಿಪ್ಪಲ್ ಬಿಗಿಯುತ್ತೇನೆ. "ಈಗ ಬಿಡು, ನಿಧಾನ."

ಇಡೀ ಕೆಲಸದ ಗುಟ್ಟು ಈ ಕೊನೆಯ ಮಾತಿನ ಸರದಿಯಲ್ಲಿದೆ. ನಿಪ್ಪಲ್ ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಥ್ರೆಡ್ಡಿನ ಸಂದಿಯಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು. ಆದರೆ ಅಡ್ಡ ಲೈನಿನ ಕೆಲವು ಕಾರುಗಳಿಗೆ ಬೇರೆ ಕ್ರಮ, ಕಾರಿನ ಸರ್ವೀಸ್ ಪುಸ್ತಕ ಹೇಳಿದಂತೆ ಮಾಡಿ. ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ, ಎಬಿಎಸ್ ಗಾಡಿಯಲ್ಲಂತೂ ಬೇಡವೇ ಬೇಡ. ಅದರ ಪೆಟ್ಟಿಗೆಗೆ ಗಾಳಿ ಹೊಕ್ಕರೆ ಹೊರಗೆ ತರಲು ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಒಳಗಿನ ಪಂಪ್ ಓಡಿಸಬೇಕಾಗುತ್ತದೆ. ಹೊಸ ಮಾಸ್ಟರ್ ಸಿಲಿಂಡರ್ ಹಾಕುವುದಾದರೆ ಬೆಂಚಿನ ಮೇಲೇ ದ್ರವ ತುಂಬಿ ಗಾಳಿ ತೆಗೆದು ಆಮೇಲೆ ಕೂರಿಸಿ.

ಎಷ್ಟು ತೆಗೆದರೂ ಪೆಡಲ್ ಮೆತ್ತಗೇ ಇದ್ದರೆ, ಇತ್ತೀಚೆಗೆ ಕ್ಯಾಲಿಪರ್ ಬಿಚ್ಚಿ ಹಾಕಿದ್ದರೆ, ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆಯೇ ಕೂತು, ಕೆಳಗಿನಿಂದ ಶುದ್ಧ ದ್ರವ ಬರುತ್ತಲೇ ಇರುತ್ತದೆ. ಗೆಳೆಯನೊಬ್ಬನ ಕಾರಿನಲ್ಲಿ ಎರಡು ಲೀಟರ್ ದ್ರವ ಸುರಿದ ಮೇಲೆ ಇದು ನಮ್ಮ ಕಣ್ಣಿಗೆ ಬಿತ್ತು. ಆ ಸಂಜೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಕೆಲಸ ಮುಗಿಸಿ ಹೊರಡುವ ಮೊದಲು

ಪ್ಯಾಡ್ ಬದಲಿಸುವಾಗ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತೀರಿ. ಆಮೇಲಿನ ಮೊದಲ ತುಳಿತ ನೇರ ನೆಲಕ್ಕೆ. ಗೇಟಿನಿಂದ ಹಿಂದಕ್ಕೆ ತೆಗೆಯುವಾಗ ಗೋಡೆಗೆ ಗುದ್ದುವವರು ಹೆಚ್ಚಾಗಿ ಇವರೇ. ಚಕ್ರ ಹಾಕಿ, ಇಂಜಿನ್ ಶುರು ಮಾಡುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಹೊಡೆಯಿರಿ. ಮಟ್ಟ ನೋಡಿ. ಹಗುರ ಒತ್ತಡದ ಒಂದು ನಿಮಿಷದ ಪರೀಕ್ಷೆ ಮತ್ತೆ ಮಾಡಿ. ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ, ಆಮೇಲೆ ಖಾಲಿ ರಸ್ತೆ.

ರಾತ್ರಿ ಅದೇ ರಟ್ಟುಗಳನ್ನು ಮತ್ತೆ ಹಾಸಿ ಮಲಗಿ. ಬೆಳಿಗ್ಗೆ ಒಣಗಿದ್ದು, ಟೇಪಿನ ಗುರುತಿನಲ್ಲೇ ಮಟ್ಟ ನಿಂತಿದ್ದರೆ ಗಾಡಿ ಹೊರಗೆ ತೆಗೆಯಬಹುದು.